ಫೋಟೊ ಮಸುಕಾಗಿದೆಯೇ? ಲೆನ್ಸ್ ಬಿಚ್ಚಿಸುವ ಮೊದಲು ಇಷ್ಟು ಮಾಡಿ

ಮಾರ್ಚ್ ಬಂತೆಂದರೆ ಮುಂಬಯಿಯಲ್ಲಿ ಕ್ಯಾಮೆರಾ ಹಿಡಿದ ನಮ್ಮವರಿಂದ ಒಂದೇ ಬಗೆಯ ಫೋನು. "ಅಣ್ಣಾ, ಶಿವಡಿಗೆ ಹೋಗಿದ್ದೆ. ಫ್ಲೆಮಿಂಗೊ ರಾಶಿ ರಾಶಿ ಇದ್ದವು, ಫೋಟೊ ಒಂದೂ ಶಾರ್ಪ್ ಇಲ್ಲ. ಲೆನ್ಸ್ ಹೋಗಿದೆ ಅಂತ ಕಾಣ್ತದೆ. ಫೋರ್ಟಲ್ಲಿ ರಿಪೇರಿಗೆ ಕೊಟ್ಟು ಬಿಚ್ಚಿಸ್ಲಾ?"

ಬೇಡ ಮಾರಾಯ, ಈಗಲೇ ಬಿಚ್ಚಿಸಬೇಡ. ಲೆನ್ಸಿನೊಳಗಿನ ಗಾಜುಗಳನ್ನು ಮತ್ತೆ ಅದೇ ಜಾಗದಲ್ಲಿ, ಅದೇ ಓರಣದಲ್ಲಿ ಕೂರಿಸಲು ಅಳತೆಯ ಸಲಕರಣೆ ಬೇಕು. ಅದಿಲ್ಲದೆ ಬಿಚ್ಚಿ ಜೋಡಿಸಿದ ಲೆನ್ಸ್ ಇದ್ದ ದೋಷದ ಜೊತೆಗೆ ಹೊಸದೊಂದನ್ನು ಹೊತ್ತು ಮನೆಗೆ ಬರಬಹುದು. ನನ್ನ ಹತ್ತಿರ ಬರುವ "ಕೆಟ್ಟ ಲೆನ್ಸು"ಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ಗಾಳಿ, ಕೈ, ಫಿಲ್ಟರು, ಫೋಕಸ್ ಇವುಗಳ ತಪ್ಪನ್ನು ಲೆನ್ಸಿನ ತಲೆಗೆ ಕಟ್ಟಿರುತ್ತಾರೆ.

ಪತ್ತೆ ಮಾಡುವ ದಾರಿ ಸರಳ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ದೋಷ ಯಾವುದರ ಬೆನ್ನು ಹಿಡಿದು ಹೋಗುತ್ತದೆ ಎಂದು ನೋಡಿ. ಲೆನ್ಸನ್ನು ಬೇರೆ ಬಾಡಿಯ (ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಮೇಲೆ ಹಾಕಿದಾಗ ದೋಷವೂ ಜೊತೆಗೆ ಹೋದರೆ ಲೆನ್ಸ್. ಹಳೆಯ ಬಾಡಿಯಲ್ಲೇ ಉಳಿದರೆ ಬಾಡಿ. ಜಾಗ ಬದಲಿಸಿದಾಗ ಮಾಯವಾದರೆ ಎರಡೂ ಅಲ್ಲ. ಕೆಳಗಿನ ಪರೀಕ್ಷೆಗಳೆಲ್ಲ ಇದೇ ಸೂತ್ರದ ಮೇಲೆ ನಿಂತಿವೆ.

ಮೊದಲು ಫೈಲು ನೋಡಿ

ವಾಟ್ಸಾಪಿನಲ್ಲಿ ಬಂದ ಚಿತ್ರ ನೋಡಿ ತೀರ್ಪು ಕೊಡಬೇಡಿ. ಮೂಲ ಫೈಲನ್ನು, ರಾ (ಕ್ಯಾಮೆರಾ ತಿದ್ದದೆ ಉಳಿಸಿದ ಕಚ್ಚಾ ಫೈಲು) ಇದ್ದರೆ ಅದನ್ನೇ, ಕಂಪ್ಯೂಟರಿನಲ್ಲಿ 100%ಗೆ ತೆರೆಯಿರಿ. 300%ಗೆ ಹಿಗ್ಗಿಸಿದರೆ ಯಾವ ಲೆನ್ಸೂ ಪಾಸಾಗದು, ಅದೊಂದು ಕಾಯಿಲೆ.

ಬೇಕಾದ ವಸ್ತು ಮಸುಕು, ಆದರೆ ಅದರ ಮುಂದಿನದೋ ಹಿಂದಿನದೋ ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಬೆಳಕಿನ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಗೆರೆಗಳಾಗಿದ್ದರೆ ಕೈ ಅಲುಗಿದೆ. ಹಿನ್ನೆಲೆ ಗಟ್ಟಿಯಾಗಿದ್ದು ಕುಣಿಯುವ ವೇಷ ಮಾತ್ರ ಕದಡಿದ್ದರೆ ಶಟರ್ ಸ್ಪೀಡ್ ಸಾಲದು. ಗೆರೆಗಳೆಲ್ಲ ಚೆನ್ನಾಗಿದ್ದೂ ಕಪ್ಪು ಬೂದಿಯಾಗಿ ಚಿತ್ರದ ಮೇಲೆ ತೆಳುವಾದ ಬಿಳಿ ಪೊರೆ ಕೂತಂತಿದ್ದರೆ ಫಂಗಸ್, ಕೊಳೆ ಅಥವಾ ಫಿಲ್ಟರು. ಐಎಸ್‌ಒ 6400ರಲ್ಲಿ (ಕಡಿಮೆ ಬೆಳಕಿಗೆಂದು ಸೂಕ್ಷ್ಮತೆ ಏರಿಸಿ) ತೆಗೆದ ಜೆಪೆಗ್‌ನಲ್ಲಿ ಗರಿಗಳು ಒಂದರೊಳಗೊಂದು ಕಲಸಿಹೋಗಿದ್ದರೆ ಅದು ಕ್ಯಾಮೆರಾದ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಅಳಿಸುವ ಸೌಲಭ್ಯ) ಮಾಡಿದ ಕೆಲಸ; ರಾ ಫೈಲಿನಲ್ಲಿ ಗರಿ ಇನ್ನೂ ಉಳಿದಿರುತ್ತದೆ. ಒಂದು ಪಕ್ಕ ಅಥವಾ ಒಂದು ಮೂಲೆ ಮಾತ್ರ, ಎಲ್ಲ ಚಿತ್ರಗಳಲ್ಲೂ, ಮಸುಕಾಗಿದ್ದರೆ ಆಗ ಲೆನ್ಸಿನ ಮೇಲೆ ಸಂಶಯ ಪಡಲು ಕಾರಣವಿದೆ.

ಶಿವಡಿಯ ಗಾಳಿ

ಶಿವಡಿ ಜೆಟ್ಟಿ ಮುಂಬಯಿಯ ಪೂರ್ವ ದಂಡೆಯಲ್ಲಿದೆ. ಬೆಳಿಗ್ಗೆ ಹೋದರೆ ಸೂರ್ಯ ಎದುರಿಗೆ, ಹಕ್ಕಿಗಳೆಲ್ಲ ನೆರಳುಚಿತ್ರ. ಬೆಳಕು ಬೆನ್ನಿಗೆ ಬೀಳಲಿ ಎಂದು ಎಲ್ಲರೂ ಮಧ್ಯಾಹ್ನದ ನಂತರ ಹೋಗುತ್ತಾರೆ. ಆ ಹೊತ್ತಿಗೆ ಇಳಿತದಲ್ಲಿ ತೆರೆದುಕೊಂಡ ಕೆಸರಿನ ಬಯಲು ಬಿಸಿಲಿಗೆ ಕಾದಿರುತ್ತದೆ. ನೆಲಕ್ಕೆ ತಾಗಿದ ಬಿಸಿಗಾಳಿ ಏಳುತ್ತ, ತಂಪು ಗಾಳಿಯೊಂದಿಗೆ ಕಲೆಯುತ್ತ ಇರುವಾಗ ಅದರ ಮೂಲಕ ಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಇನ್ನೂರು ಮೀಟರ್ ದೂರದ ಹಕ್ಕಿಯನ್ನು 600 ಮಿ.ಮೀ.ನಲ್ಲಿ ಎಳೆದು ತಂದರೆ ನಡುವಿನ ಅಷ್ಟೂ ಗಾಳಿಯ ಕದಡಾಟವೂ ಹಿಗ್ಗಿ ಬರುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಇದಕ್ಕೆ ಪರಿಹಾರವಿಲ್ಲ.

ಗುರುತಿಸುವುದು ಹೀಗೆ. ಟ್ರೈಪಾಡ್ ಮೇಲೆ, 1/2000 ಸೆಕೆಂಡಿನಲ್ಲಿ, ನಿಂತ ಹಕ್ಕಿಯ ಒಂದು ಬರ್ಸ್ಟ್ ಹೊಡೆಯಿರಿ. ಚಿತ್ರಗಳನ್ನು ಒಂದರ ಹಿಂದೊಂದು ತಿರುವಿದರೆ ಕೊಕ್ಕಿನ ಅಂಚು ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಒಮ್ಮೆ ಉಬ್ಬುತ್ತದೆ, ಒಮ್ಮೆ ಡೊಂಕಾಗುತ್ತದೆ. ಹಿನ್ನೆಲೆಯಲ್ಲಿ ಅಟಲ್ ಸೇತುವಿನ ಕಂಬವಿದ್ದರೆ ಅದರ ನೇರ ಅಂಚನ್ನೇ ನೋಡಿ. ಕಾಂಕ್ರೀಟು ಅಲೆಯಾಡುತ್ತಿದ್ದರೆ ಗಾಳಿಯೇ ಕಾರಣ. ಲೆನ್ಸಿನ ದೋಷ ಹೀಗೆ ಕುಣಿಯುವುದಿಲ್ಲ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಅಷ್ಟೇ ಇರುತ್ತದೆ. ಇನ್ನೂ ಖಾತ್ರಿ ಬೇಕಿದ್ದರೆ ಅಲ್ಲೇ ಹದಿನೈದು ಮೀಟರ್ ದೂರದಲ್ಲಿ ಕಟ್ಟಿಹಾಕಿದ ದೋಣಿಯ ಹಗ್ಗಕ್ಕೆ ಫೋಕಸ್ ಮಾಡಿ. ಹಗ್ಗದ ನಾರು ಎಣಿಸುವಷ್ಟು ಸ್ಪಷ್ಟವಾಗಿ ಬಂದರೆ ಲೆನ್ಸಿಗೆ ಕ್ಷಮೆ ಕೇಳಿ ಮನೆಗೆ ಹೋಗಿ.

ಎಸಿ ಕಾರಿನ ಕಿಟಕಿ ಇಳಿಸಿ ಅಲ್ಲಿಂದಲೇ ಹೊಡೆದರೂ ಇದೇ ಕಥೆ: ತಂಪು ಮತ್ತು ಬಿಸಿ ಗಾಳಿ ಲೆನ್ಸಿನ ಮೂಗಿನ ಮುಂದೆಯೇ ಕಲೆಯುತ್ತವೆ. ಹಕ್ಕಿ ಹತ್ತಿರ ಬರುವಂತೆ ಭರತದ ಲೆಕ್ಕ ನೋಡಿ ಹೋಗುವುದು, ಇಲ್ಲವೇ ಮೋಡ ಮುಸುಕಿದ ದಿನ ಆರಿಸುವುದು ಒಳ್ಳೆಯದು. ಠಾಣೆ ಖಾರಿಯ ದೋಣಿ ಸವಾರಿಯಲ್ಲಿ ಚಿತ್ರ ಚೆನ್ನಾಗಿ ಬರುವುದಕ್ಕೂ ಮುಖ್ಯ ಕಾರಣ ಹಕ್ಕಿಯ ಹತ್ತಿರ ಹೋಗುವುದು.

ಗೋಡೆ, ಪೇಪರು, ಟ್ರೈಪಾಡು

ಗಾಳಿಯನ್ನು ಕಳೆದ ಮೇಲೆ ಕೈಯನ್ನು ಕಳೆಯಬೇಕು. ಚಾರ್ಟಿಗೆ ದುಡ್ಡು ಹಾಕುವ ಅಗತ್ಯವಿಲ್ಲ. ಯಾವುದಾದರೂ ಕನ್ನಡ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ. ಸಣ್ಣ ಅಕ್ಷರದ ಒತ್ತುಗಳು ಪರೀಕ್ಷೆಗೆ ಬಲು ಒಳ್ಳೆಯವು. ಲೆನ್ಸು ಸ್ವಲ್ಪ ಮಸುಕು ಮಾಡಿದರೂ ಮೊದಲು ತುಂಬಿಹೋಗುವುದು "ಕ್ಷ್ಮ", "ತ್ತ್ವ"ಗಳ ಒಳಗಿನ ಬಿಳಿ ಜಾಗ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಸ್ಟೆಬಿಲೈಸರ್ ಆಫ್ ಮಾಡಿ, 10 ಸೆಕೆಂಡಿನ ಸೆಲ್ಫ್ ಟೈಮರ್ ಇಡಿ. ಐಎಸ್‌ಒ 100, ಅಪರ್ಚರ್ (ಬೆಳಕು ಬರುವ ರಂಧ್ರ; ಎಫ್ ಅಂಕಿ ದೊಡ್ಡದಾದಷ್ಟೂ ಅದು ಚಿಕ್ಕದು) ಎಫ್/5.6 ಅಥವಾ ಎಫ್/8. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಹಿಗ್ಗಿಸಿ ಫೋಕಸ್ ಮಾಡಿ.

ಇಲ್ಲಿ ಅಕ್ಷರ ಚೆನ್ನಾಗಿ ಬಂದು ಕೈಯಲ್ಲಿ ಹಿಡಿದಾಗ ಮಾತ್ರ ಕೆಡುತ್ತಿದ್ದರೆ ಉತ್ತರ ಸಿಕ್ಕಿತು. ಫೋಕಲ್ ಲೆಂತ್ ಎಷ್ಟೋ ಅದರ ತಲೆಕೆಳಗು ಭಿನ್ನರಾಶಿಯಷ್ಟಾದರೂ ಶಟರ್ ಸ್ಪೀಡ್ ಬೇಕು ಎಂಬ ಹಳೆಯ ನಿಯಮ ಫಿಲ್ಮ್ ಕಾಲದ್ದು. ಎಪಿಎಸ್-ಸಿ ಸೆನ್ಸರಿಗೆ (ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು) ಅದನ್ನು ಒಂದೂವರೆಯಿಂದ ಗುಣಿಸಿ: 300 ಮಿ.ಮೀ. ಲೆನ್ಸಿಗೆ 1/450, ಅಂದರೆ 1/500. 24 ಮೆಗಾಪಿಕ್ಸೆಲಿನ ಚಿತ್ರವನ್ನು 100%ಗೆ ಹಿಗ್ಗಿಸಿ ನೋಡುವವರಿಗೆ ಅದೂ ಕಡಿಮೆಯೇ.

ಟ್ರೈಪಾಡಿನ ಮೇಲೂ 1/60ರಿಂದ 1/200ರ ನಡುವೆ ಮಾತ್ರ ಮಸುಕಾಗಿ, ಅದಕ್ಕಿಂತ ವೇಗದಲ್ಲೂ ನಿಧಾನದಲ್ಲೂ ಸರಿಯಾಗಿ ಬಂದರೆ ಶಟರ್ ಪರದೆಯ ಹೊಡೆತವೇ ಕ್ಯಾಮೆರಾವನ್ನು ಅದುರಿಸುತ್ತಿದೆ. ಕೆಲವು ಮಿರರ್‌ಲೆಸ್ (ಕನ್ನಡಿಯಿಲ್ಲದ) ಬಾಡಿಗಳಲ್ಲಿ ಇದು ಇದೆ. ಮೆನುವಿನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಹಾಕಿದರೆ ಹೋಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಏಟಿಗೆ ಮಿರರ್ ಲಾಕಪ್ (ಕನ್ನಡಿಯನ್ನು ಮೊದಲೇ ಎತ್ತಿಡುವ ಸೌಲಭ್ಯ) ಇದೆ.

ಬಾಸಿಂಗ ಶಾರ್ಪ್, ಕಣ್ಣು ಮಸುಕು

ಮದುವೆ ತೆಗೆಯುವ ಹುಡುಗರ ದೂರು ಇದು. ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಬಾಡಿ, 85 ಮಿ.ಮೀ. ಲೆನ್ಸ್, ಎಫ್/1.8, ವಧು ಎರಡು ಮೀಟರ್ ದೂರದಲ್ಲಿ. ಶಾರ್ಪ್ ಆಗಿ ಕಾಣುವ ಆಳ ಒಟ್ಟು 6 ಸೆಂ.ಮೀ. ಆಸುಪಾಸು, ಅದೂ ಮುಂದೆ ಅರ್ಧ ಹಿಂದೆ ಅರ್ಧ. ಹಣೆಯ ಬಾಸಿಂಗ ಕಣ್ಣಿಗಿಂತ ಮುಂದೆ ಇದೆ, ಮಿನುಗುತ್ತದೆ, ಗೆರೆಗಳು ಹೇರಳ. ಆಟೋಫೋಕಸ್ಸಿಗೆ ಬೇಕಾದದ್ದು ಅಂಥದ್ದೇ, ಅದನ್ನೇ ಹಿಡಿಯುತ್ತದೆ. ಎಲ್ಲ ಫೋಕಸ್ ಪಾಯಿಂಟುಗಳನ್ನೂ ಕ್ಯಾಮೆರಾದ ಕೈಗೆ ಬಿಟ್ಟು ಆಮೇಲೆ ಬಯ್ಯುವುದರಲ್ಲಿ ಅರ್ಥವಿಲ್ಲ. ಒಂದೇ ಪಾಯಿಂಟು ಆರಿಸಿ ಕಣ್ಣಿನ ಮೇಲಿಡಿ, ಅಥವಾ ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಬಳಸಿ.

ಹಾಗೆ ಮಾಡಿದ ಮೇಲೂ ಪ್ರತಿ ಸಲ ಮುಂದಕ್ಕೇ ಅಥವಾ ಪ್ರತಿ ಸಲ ಹಿಂದಕ್ಕೇ ಬೀಳುತ್ತಿದ್ದರೆ ಅದು ಜೋಡಣೆಯ ದೋಷ. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಫೋಕಸ್ ಅಳೆಯುವ ಸೆನ್ಸರೇ ಬೇರೆ, ಚಿತ್ರ ಹಿಡಿಯುವ ಸೆನ್ಸರೇ ಬೇರೆ; ಎರಡರ ದಾರಿಯ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಜಾರುತ್ತದೆ. ಮೇಜಿನ ಮೇಲೆ ಒಂದು ಡಬ್ಬ ನೇರವಾಗಿ ನಿಲ್ಲಿಸಿ, ಅದರ ಮುಖಕ್ಕೆ ಫೋಕಸ್. ಪಕ್ಕದಲ್ಲಿ ಸ್ಕೇಲನ್ನು 45 ಡಿಗ್ರಿ ಓರೆಯಾಗಿ, ಅದರ ನಡುವಿನ ಅಂಕಿ ಡಬ್ಬದ ಮುಖದ ಸಮಕ್ಕೆ ಬರುವಂತೆ ಇಡಿ. ಓರೆ ಸ್ಕೇಲಿಗೇ ನೇರವಾಗಿ ಫೋಕಸ್ ಮಾಡಬೇಡಿ, ಯಾವ ಗೆರೆಯನ್ನು ಹಿಡಿಯಿತೆಂದು ತಿಳಿಯುವುದಿಲ್ಲ. ದೂರ ಫೋಕಲ್ ಲೆಂತಿನ 25ರಿಂದ 50 ಪಟ್ಟು ಇರಲಿ; 50 ಮಿ.ಮೀ. ಲೆನ್ಸಿಗೆ ಸುಮಾರು ಒಂದೂಕಾಲಿನಿಂದ ಎರಡೂವರೆ ಮೀಟರ್. ಅಪರ್ಚರ್ ಪೂರ್ತಿ ತೆರೆದಿರಬೇಕು. ವ್ಯೂಫೈಂಡರಿನಲ್ಲಿ ಕೆಲವು, ಲೈವ್ ವ್ಯೂನಲ್ಲಿ ಕೆಲವು ತೆಗೆಯಿರಿ, ಪ್ರತಿ ಸಲ ಫೋಕಸ್ ರಿಂಗನ್ನು ಕೆಡಿಸಿ ಮತ್ತೆ ಹಿಡಿಸಿ.

ಲೈವ್ ವ್ಯೂನಲ್ಲಿ ಸರಿ, ವ್ಯೂಫೈಂಡರಿನಲ್ಲಿ ಒಂದೇ ಕಡೆಗೆ ತಪ್ಪು ಎಂದಾದರೆ ಗಾಜು ಚೆನ್ನಾಗಿದೆ, ಹೊಂದಾಣಿಕೆ ಮಾತ್ರ ಬೇಕು. ನಿಕಾನ್ ಡಿ7200, ಕ್ಯಾನನ್ 80ಡಿ ದರ್ಜೆಯ ಬಾಡಿಗಳಲ್ಲಿ ಮೈನಸ್ 20ರಿಂದ ಪ್ಲಸ್ 20ರವರೆಗೆ ತಿದ್ದುವ ಮೆನು ಇದೆ. ನಿಕಾನ್ ಡಿ3000 ಸಾಲಿನಂಥ ಆರಂಭಿಕ ಬಾಡಿಗಳಲ್ಲಿ ಇಲ್ಲ. ಸಿಗ್ಮಾ, ಟ್ಯಾಮ್ರಾನ್‌ಗಳ ಕೆಲವು ಲೆನ್ಸುಗಳನ್ನು ಅವರದೇ ಡಾಕ್‌ಗೆ ಹಾಕಿ ಕಂಪ್ಯೂಟರಿನಿಂದ ತಿದ್ದಬಹುದು. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಸರಿ ಎಂದು ಲಂಗುಲಗಾಮಿಲ್ಲದೆ ಬೀಳುತ್ತಿದ್ದರೆ ಈ ಮೆನುವಿನಿಂದ ಏನೂ ಆಗದು. ಬೆಳಕು ಸಾಲದಿರಬಹುದು, ಮೋಟಾರು ಸವೆದಿರಬಹುದು. ಮಿರರ್‌ಲೆಸ್‌ನವರು ಈ ಭಾಗವನ್ನೇ ಬಿಡಬಹುದು, ಅಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುತ್ತದೆ.

ಎದುರಿನ ಬಿಲ್ಡಿಂಗೇ ಚಾರ್ಟು

ನಿಜವಾದ ಲೆನ್ಸ್ ದೋಷಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಡಿಸೆಂಟರಿಂಗ್. ಬಿದ್ದು ಏಟು ತಿಂದದ್ದಕ್ಕೋ, ಲೋಕಲಿನ ನೂಕಿನಲ್ಲಿ ಬ್ಯಾಗು ಜಜ್ಜಿದ್ದಕ್ಕೋ, ಕಾರ್ಖಾನೆಯಿಂದಲೇ ಹಾಗೆ ಬಂದದ್ದಕ್ಕೋ, ಒಳಗಿನ ಒಂದು ಗಾಜು ಓರೆಯಾಗಿಯೋ ಪಕ್ಕಕ್ಕೆ ಸರಿದೋ ಕೂತಿರುತ್ತದೆ. ಆಗ ಚಿತ್ರದ ಒಂದು ಪಕ್ಕ ಕೆಡುತ್ತದೆ, ಇನ್ನೊಂದು ಪಕ್ಕ ಚೆನ್ನಾಗಿಯೇ ಇರುತ್ತದೆ.

ಇದನ್ನು ಪತ್ತೆ ಮಾಡಲು ಮುಂಬಯಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಡೊಂಬಿವಲಿಯೋ ಮೀರಾ ರೋಡೋ, ಬಾಲ್ಕನಿಗೆ ಬಂದರೆ ಎದುರಿಗೆ ಇನ್ನೊಂದು ಸೊಸೈಟಿಯ ಗೋಡೆ. ಮಹಡಿ ಮಹಡಿಗೂ ಅದೇ ಕಿಟಕಿ, ಅದೇ ಗ್ರಿಲ್ಲು, ಅದೇ ಎಸಿ ಡಬ್ಬದ ಜಾಲರಿ. ಎಡ ಮೂಲೆಯ ಗ್ರಿಲ್ಲನ್ನು ಬಲ ಮೂಲೆಯದಕ್ಕೆ ಹೋಲಿಸಲು ಇದಕ್ಕಿಂತ ಒಳ್ಳೆಯ ಚಾರ್ಟು ದುಡ್ಡಿಗೂ ಸಿಗದು. (ಒಳಗಿನ ಮನೆಯವರಿಗೆ ಒಂದು ಮಾತು ಹೇಳಿಡಿ. ಕಿಟಕಿಗೆ ಲೆನ್ಸ್ ತಿರುಗಿಸಿ ಅರ್ಧ ಗಂಟೆ ನಿಂತರೆ ವಾಚ್‌ಮನ್ ಮೇಲೆ ಬರುತ್ತಾನೆ.) ಬೆಳಿಗ್ಗೆ, ಗೋಡೆ ಕಾಯುವ ಮೊದಲು, ಕ್ಯಾಮೆರಾವನ್ನು ಗೋಡೆಗೆ ಆದಷ್ಟು ಸಮಾಂತರವಾಗಿ ನಿಲ್ಲಿಸಿ, ನಡುವಿಗೆ ಫೋಕಸ್ ಮಾಡಿ ಒಂದು ಚಿತ್ರ. ಝೂಮ್ ಆದರೆ ಎರಡೂ ತುದಿಯಲ್ಲಿ ಮತ್ತು ನಡುವೆ.

ಬಲ ಪಕ್ಕ ಮಸುಕು ಬಂತೆನ್ನಿ. ಇದು ಲೆನ್ಸಿನದೋ, ನೀವು ಕ್ಯಾಮೆರಾವನ್ನು ಸ್ವಲ್ಪ ಓರೆ ಇಟ್ಟದ್ದರದೋ? ಬೇರೇನನ್ನೂ ಬದಲಿಸದೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ಕ್ಯಾಮೆರಾ ಹಿಡಿದ ದಿಕ್ಕನ್ನು ಗುರುತಿಸಿ ಚಿತ್ರವನ್ನು ತಾನಾಗಿ ತಿರುಗಿಸುವ ಮೆನು ಆಫ್ ಇರಲಿ. ಈಗ ಫ್ರೇಮಿನ ಬಲಕ್ಕೆ ಬಂದಿರುವುದು ಬಿಲ್ಡಿಂಗಿನ ಎಡಭಾಗ. ಈ ಸಲವೂ ಫ್ರೇಮಿನ ಬಲವೇ ಮಸುಕಾದರೆ ದೋಷ ನಿಮ್ಮ ಸಾಮಾನಿನಲ್ಲಿದೆ. ಮಸುಕು ಬಿಲ್ಡಿಂಗಿನ ಹಳೆಯ ಭಾಗವನ್ನೇ ಹಿಡಿದುಕೊಂಡು ಫ್ರೇಮಿನ ಎಡಕ್ಕೆ ಹೋದರೆ ಆ ಭಾಗ ನಿಮ್ಮಿಂದ ದೂರವಿತ್ತು, ಅಷ್ಟೇ.

ಸಾಮಾನಿನಲ್ಲಿದೆ ಎಂದಾದ ಮೇಲೆ ಲೆನ್ಸೋ ಬಾಡಿಯೋ ಎಂಬುದು ಉಳಿಯಿತು. ಗೆಳೆಯನ ಹತ್ತಿರ ಅದೇ ಮೌಂಟಿನ (ಬಾಡಿಗೆ ಲೆನ್ಸ್ ಕೂರುವ ಬಳೆ) ಬೇರೆ ಲೆನ್ಸ್ ಇದ್ದರೆ ತಂದು ಹಾಕಿ. ಅದರಲ್ಲೂ ಬಲವೇ ಕೆಟ್ಟರೆ ಬಾಡಿಯ ಮೌಂಟು ಬಾಗಿದೆ ಅಥವಾ ಸೆನ್ಸರ್ ಓರೆಯಾಗಿದೆ.

ನಾಲ್ಕೂ ಮೂಲೆ ಒಂದೇ ಸಮನಾಗಿ ಮಸುಕಾಗಿದ್ದರೆ ಗಾಬರಿ ಬೇಡ. ಮೂಲೆಗೇ ಫೋಕಸ್ ಮಾಡಿ ಮತ್ತೊಂದು ತೆಗೆಯಿರಿ. ಆಗ ಮೂಲೆ ಶಾರ್ಪ್ ಆಗಿ ನಡು ಕೆಟ್ಟರೆ ಲೆನ್ಸಿನ ಫೋಕಸ್ ತಲ ಚಪ್ಪಟೆಯಾಗಿರದೆ ಬಾಗಿದೆ. ಅದು ವಿನ್ಯಾಸದ ಗುಣ, ರಿಪೇರಿಯಿಂದ ಹೋಗುವುದಲ್ಲ. ಎಫ್/8ಕ್ಕೆ ಮುಚ್ಚಿದರೆ ಬಹುಪಾಲು ಮುಚ್ಚಿಹೋಗುತ್ತದೆ.

ಎಫ್/22ರ ಆಸೆ

ಹೆಚ್ಚು ಮುಚ್ಚಿದಷ್ಟೂ ಹೆಚ್ಚು ಶಾರ್ಪ್ ಎಂದು ಯಾರೋ ಹೇಳಿರುತ್ತಾರೆ. ಸಣ್ಣ ರಂಧ್ರದ ಮೂಲಕ ಹಾಯುವ ಬೆಳಕು ಹರಡುತ್ತದೆ, ಅದು ಭೌತಶಾಸ್ತ್ರ. ಹಸಿರು ಬೆಳಕಿನ ಒಂದು ಚುಕ್ಕೆ ಎಫ್/8ರಲ್ಲಿ ಸುಮಾರು 11 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ, ಎಫ್/16ರಲ್ಲಿ 21, ಎಫ್/22ರಲ್ಲಿ 29. 24 ಮೆಗಾಪಿಕ್ಸೆಲಿನ ಎಪಿಎಸ್-ಸಿ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್. ಎಫ್/22ರಲ್ಲಿ ಒಂದು ಚುಕ್ಕೆ ಏಳು ಪಿಕ್ಸೆಲುಗಳ ಅಗಲಕ್ಕೆ ಹರಡಿದ ಮೇಲೆ ಶಾರ್ಪ್‌ನೆಸ್ ಎಲ್ಲಿಂದ ಬಂದೀತು?

ಅಪರ್ಚರಿನ ಬ್ಲೇಡುಗಳೇ ಸಿಕ್ಕಿಕೊಂಡಿವೆಯೇ ಎಂದು ನೋಡಲು, ಒಂದೇ ಗೋಡೆಯನ್ನು ಮ್ಯಾನುಯಲ್‌ನಲ್ಲಿ ಎಫ್/4, 5.6, 8, 11, 16 ಎಂದು ತೆಗೆಯಿರಿ, ಪ್ರತಿ ಹೆಜ್ಜೆಗೂ ಶಟರನ್ನು ಅಷ್ಟೇ ನಿಧಾನ ಮಾಡುತ್ತ. ಎಲ್ಲವೂ ಒಂದೇ ಬೆಳಕಿನಲ್ಲಿ ಬರಬೇಕು. ಮುಚ್ಚಿದಷ್ಟೂ ಚಿತ್ರ ಬಿಳಿಯಾಗುತ್ತ ಹೋದರೆ ಬ್ಲೇಡು ಮುಚ್ಚುತ್ತಿಲ್ಲ: ಎಣ್ಣೆ ಇಳಿದಿದೆ, ಅಥವಾ ಒಳಗಿನ ಕೇಬಲ್ ಸವೆದಿದೆ. ಇದನ್ನು ಅಂಗಡಿಗೆ ಕೊಡಲೇಬೇಕು.

ಮಳೆಗಾಲದ ಬಳುವಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಲೆನ್ಸನ್ನು ಬಿಟ್ಟೀತೇ? ಲೆನ್ಸನ್ನು ಕ್ಯಾಮೆರಾದಿಂದ ತೆಗೆದು, ಅಪರ್ಚರ್ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಅಂಚಿನಿಂದ ಕವಲೊಡೆದು ಒಳಗೆ ಹರಡುವ ಸಣ್ಣ ಎಳೆಗಳು ಫಂಗಸ್. ಒಟ್ಟಾರೆ ಮಂಜು ಕವಿದಂತಿದ್ದರೆ ಹೇಜ್. ಬಿಡಿಬಿಡಿ ಚುಕ್ಕೆಗಳು ಧೂಳು. ಅವು ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಚಿತ್ರಕ್ಕೆ ಏನೂ ಮಾಡುವುದಿಲ್ಲ. ಬೋರಾ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಈ ಟಾರ್ಚ್ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬೇಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫಂಗಸ್ಸಿನಿಂದ ಮೊದಲು ಹೋಗುವುದು ಕಾಂಟ್ರಾಸ್ಟ್. ಮಧ್ಯಾಹ್ನ ಕಿಟಕಿಯ ಮುಂದೆ ಕಪ್ಪು ಕೊಡೆಯೊಂದನ್ನು ಇಟ್ಟು, ಬೆಳಕಿಗೆ ಎದುರಾಗಿ ಈ ಲೆನ್ಸಿನಲ್ಲೂ ಇನ್ನೊಂದರಲ್ಲೂ ತೆಗೆಯಿರಿ. ಒಂದರಲ್ಲಿ ಕೊಡೆ ಕಪ್ಪಾಗಿದ್ದು ಇನ್ನೊಂದರಲ್ಲಿ ಬೂದಿಯಾಗಿದ್ದರೆ ಸಂಶಯ ನಿಜ. ಆದರೆ ಅದಕ್ಕೂ ಮೊದಲು ಮುಂದಿನ ಯುವಿ ಫಿಲ್ಟರನ್ನು ಬಿಚ್ಚಿ ಒಮ್ಮೆ ನೋಡಿ. ಅಗ್ಗದ ಫಿಲ್ಟರಿನಿಂದಲೇ ಇಷ್ಟೆಲ್ಲ ಆಗುವುದುಂಟು. ಟೆಲಿ ಲೆನ್ಸಿನಲ್ಲಂತೂ ಶಾರ್ಪ್‌ನೆಸ್ಸನ್ನೂ ನುಂಗುತ್ತದೆ.

ಎಳೆಗಳು ಹೊಸದಾಗಿದ್ದರೆ ಬೇಗ ಕ್ಲೀನ್ ಮಾಡಿಸಿ. ತಡವಾದರೆ ಅದು ಬಿಡುವ ಆಮ್ಲ ಕೋಟಿಂಗನ್ನು ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ. ತೇವಾಂಶ 40ರಿಂದ 50%ರಲ್ಲಿ ನಿಲ್ಲುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್; ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಚರ್ಮದ ಕೇಸಿನಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ. ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಗಾಜು ಮಂಜಾದರೆ ಅದು ದೋಷವಲ್ಲ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಬಿಡಿ.

ಇನ್ನೆರಡು, ಚುಟುಕಾಗಿ

ಮಾಟುಂಗದ ಸಭಾಂಗಣಗಳಲ್ಲಿ ಯಕ್ಷಗಾನ ತೆಗೆಯುವಾಗ ಚಿತ್ರಕ್ಕೆ ಅಡ್ಡಡ್ಡ ಪಟ್ಟೆ ಬರುವುದು ಎಲ್‌ಇಡಿ ದೀಪಗಳಿಂದ. ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, 1/100 ಪ್ರಯತ್ನಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ಸ್ಪೀಡ್ ಬದಲಿಸಿದಾಗ ಪಟ್ಟೆಯ ಅಗಲವೂ ಬದಲಾದರೆ ದೀಪವೇ ಕಾರಣ, ಸೆನ್ಸರಲ್ಲ.

ಆಕಾಶದಲ್ಲಿ ಕಪ್ಪು ಚುಕ್ಕೆ ಎಫ್/16ರಲ್ಲಿ ಕಂಡು ಎಫ್/2.8ರಲ್ಲಿ ಕರಗಿದರೆ ಸೆನ್ಸರ್ ಮೇಲಿನ ಧೂಳು. ಚಿತ್ರದ ಮೇಲಿನ ಎಡ ಮೂಲೆಯಲ್ಲಿ ಕಂಡ ಚುಕ್ಕೆ, ಮುಂದಿನಿಂದ ಸೆನ್ಸರ್ ನೋಡುವಾಗ ಕೆಳಗಿನ ಎಡ ಮೂಲೆಯಲ್ಲಿರುತ್ತದೆ. ಬ್ಲೋವರಿನಿಂದ ಊದಿ. ಬಾಯಿಂದ ಬೇಡ.

ಕಂಪನಿಯ ಗ್ರಾಫು ನಿಮ್ಮ ಲೆನ್ಸಿನದಲ್ಲ

ಎಂಟಿಎಫ್ ಗ್ರಾಫ್ (ಲೆನ್ಸ್ ಎಷ್ಟು ವಿವರ ಉಳಿಸುತ್ತದೆಂದು ಕಂಪನಿ ಕೊಡುವ ನಕ್ಷೆ) ಹಿಡಿದುಕೊಂಡು ಬರುವವರೂ ಇದ್ದಾರೆ. ಮಿಲಿಮೀಟರಿಗೆ 10 ಗೆರೆಜೋಡಿಯ ರೇಖೆ ಕಾಂಟ್ರಾಸ್ಟನ್ನೂ 30ರ ರೇಖೆ ಸೂಕ್ಷ್ಮ ವಿವರವನ್ನೂ ತೋರಿಸುತ್ತದೆ. ಎಡತುದಿ ಚಿತ್ರದ ನಡು, ಬಲತುದಿ ಮೂಲೆ. ಹಲವು ಕಂಪನಿಗಳು ಅದನ್ನು ವಿನ್ಯಾಸದಿಂದ ಲೆಕ್ಕ ಹಾಕಿ ಬರೆದಿರುತ್ತವೆ, ಯಾವ ಲೆನ್ಸನ್ನೂ ಅಳೆದು ಬರೆದದ್ದಲ್ಲ. ಕೊಳ್ಳುವ ಮೊದಲು ಎರಡು ಮಾದರಿಗಳನ್ನು ಹೋಲಿಸಲು ಸಾಕು. ನಿಮ್ಮ ಕೈಯಲ್ಲಿರುವ ಲೆನ್ಸಿನ ಬಲ ಮೂಲೆ ಯಾಕೆ ಕೆಟ್ಟಿದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಂಕಿಯೇ ಬೇಕೆಂದರೆ ಎಂಟಿಎಫ್ ಮ್ಯಾಪರ್ ಎಂಬ ಉಚಿತ ತಂತ್ರಾಂಶವಿದೆ: ಸ್ವಲ್ಪ ಓರೆಯಾಗಿಟ್ಟ ಕಪ್ಪು ಚೌಕದ ಅಂಚಿನ ಫೋಟೊದಿಂದ ಲೆಕ್ಕ ಹಾಕುತ್ತದೆ. ಆದರೆ ಎರಡು ಮೀಟರ್ ದೂರದ ಚಾರ್ಟಿನಲ್ಲಿ ಬಂದ ಅಂಕಿ ದೂರದ ದೃಶ್ಯಕ್ಕೂ ಹಾಗೇ ಹೊಂದುತ್ತದೆ ಎಂದು ನಂಬಬೇಡಿ.

ಅಂಗಡಿಗೆ ಕೊಡುವಾಗ

ಇಷ್ಟೆಲ್ಲ ಆದ ಮೇಲೂ ದೋಷ ಲೆನ್ಸಿನ ಬೆನ್ನು ಬಿಡದಿದ್ದರೆ ರಿಪೇರಿಗೆ ಕೊಡಿ. ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ. ಬೇರೆಯವರು ಬಿಚ್ಚಿದರೆ ವಾರಂಟಿ ಹೋಗುತ್ತದೆ. "ಶಾರ್ಪ್ ಇಲ್ಲ" ಎಂದಷ್ಟೇ ಹೇಳಿದರೆ ಅವರು ಒರೆಸಿ ವಾಪಸು ಕೊಡುತ್ತಾರೆ. ಪೆನ್‌ಡ್ರೈವಿನಲ್ಲಿ ನೇರ ಮತ್ತು ತಲೆಕೆಳಗಾದ ಎರಡೂ ಚಿತ್ರ ಕೊಡಿ. "70 ಮಿ.ಮೀ.ನಲ್ಲಿ ಬಲ ಪಕ್ಕ, ಎಫ್/2.8ರಿಂದ ಎಫ್/5.6ವರೆಗೆ, ಬೇರೆ ಬಾಡಿಯಲ್ಲೂ ಹೀಗೇ" ಎಂದು ಜಾಬ್ ಶೀಟಿನಲ್ಲೇ ಬರೆಸಿ. ಡಿಎಸ್‌ಎಲ್‌ಆರ್ ಫೋಕಸ್ ದೋಷವಾದರೆ ಲೆನ್ಸಿನ ಜೊತೆ ಬಾಡಿಯನ್ನೂ ಕೊಡಬೇಕು. ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ.

ವಾಪಸು ತರಲು ಹೋಗುವಾಗ ಕ್ಯಾಮೆರಾ ಒಯ್ದು, ದುಡ್ಡು ಕೊಡುವ ಮೊದಲು ಅಂಗಡಿಯೆದುರಿನ ಬಿಲ್ಡಿಂಗನ್ನು ಅದೇ ಫೋಕಲ್ ಲೆಂತ್, ಅದೇ ಅಪರ್ಚರಿನಲ್ಲಿ ನೇರವಾಗಿ ಒಂದು, ತಲೆಕೆಳಗಾಗಿ ಒಂದು ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಎರಡೂ ಪಕ್ಕ ನೋಡಿದ ಮೇಲೆ ಬಿಲ್ಲು ಕೊಟ್ಟರೆ ಸಾಕು.